ಎರಡನೆಯ ಭರಣಿ

‘ತಿಳಿ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕದಡದೆ ನಿಂತ ನೀರು ತಿಳಿ. ಮನಸ್ಸು ಕಂಡುಕೊಂಡದ್ದು ತಿಳಿವು. ಎರಡಕ್ಕೂ ಬೇಕಾದದ್ದು ಒಂದೇ: ಅಲುಗಿಸದೆ ಕೆಲಕಾಲ ಸುಮ್ಮನೆ ಬಿಡುವುದು. ಕನ್ನಡಿಗರ ಅಡಿಗೆಮನೆಗೆ ಈ ಸಂಗತಿ ಹೊಸದಲ್ಲ. ಬೇಳೆಯ ಕಟ್ಟಿನಿಂದ ತಿಳಿಸಾರು, ಬೆಂದ ಸೊಪ್ಪುಕಾಳಿನ ನೀರನ್ನು ಬಸಿದು ಬಸ್ಸಾರು, ಕಾಯಿಸಿದ ತುಪ್ಪದ ಗಸಿ ತಳಕ್ಕೆ ಇಳಿದ ಮೇಲೆ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸುವ ಜಾಣ್ಮೆ, ಇವೆಲ್ಲ ಒಂದೇ ಪಾಠದ ಬೇರೆ ಬೇರೆ ಪುಟಗಳು.

ಈ ಪಾಠದ ಕಠಿಣವಾದ ಪುಟವೊಂದು ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಸೇರಿದ್ದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯಲ್ಲಿ, ನಂದಿಬೆಟ್ಟದ ಸುತ್ತಿನ ಚಪ್ಪರಗಳಲ್ಲಿ ತೂಗುವ ‘ಬೆಂಗಳೂರು ಬ್ಲೂ’ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಹೆಸರಿಗೆ ನೀಲಿ, ಕಣ್ಣಿಗೆ ಕಪ್ಪು. ಸಿಪ್ಪೆ ದಪ್ಪ, ಬೀಜ ಧಾರಾಳ, ಪರಿಮಳ ಬಲು ಘಾಟು. ತಿನ್ನುವವರು ಮುಖ ಸಿಂಡರಿಸಿದರೂ ರಸ ಹಿಂಡುವವರಿಗೆ ಅಚ್ಚುಮೆಚ್ಚು. ಬೆಂಗಳೂರಿನ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ದ್ರಾಕ್ಷಾರಸಕ್ಕೆ ಹಿಂದಿನಿಂದಲೂ ಬಳಕೆಯಲ್ಲಿರುವುದು ಇಂಥ ಕರಿದ್ರಾಕ್ಷಿಯೇ.

ಅದರ ಕ್ರಮ ಸರಳ. ಹಣ್ಣನ್ನು ಕಿವುಚಿ, ಸಕ್ಕರೆ ಬೆರೆಸಿ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವರು. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವರು. ಕಣ್ಣಿಗೆ ಕಾಣದ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಹೊರಬಿಡುತ್ತದೆ. ಹುಳಿಯುವಿಕೆ ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ ಸಾಧಿಸುತ್ತ ಬಂದು, 1876ರಲ್ಲಿ ಬಿಯರಿನ ಕುರಿತೇ ಒಂದು ಗ್ರಂಥ ಬರೆದನು. ಭರಣಿಯ ಗುಳುಗುಳು ಸದ್ದಂತೂ ಅವನಿಗಿಂತ ಬಹಳ ಹಳೆಯದು.

ಸುಮಾರು 21 ದಿನಗಳಲ್ಲಿ ಸದ್ದಡಗುತ್ತದೆ. ಆಗ ರಸವನ್ನು ಸೋಸಿ ಎರಡನೆಯ ಭರಣಿಗೆ ತುಂಬುವರು. ಮೊದಲ ಭರಣಿಯ ತಳದಲ್ಲಿ ಸತ್ತ ಯೀಸ್ಟೂ ಹಣ್ಣಿನ ತಿರುಳೂ ಗಸಿಯಾಗಿ ನಿಂತಿರುತ್ತವೆ. ಅದರ ಮೇಲೆಯೇ ರಸ ಬಹುಕಾಲ ಕುಳಿತರೆ ಗಸಿ ಕೊಳೆತು ದುರ್ವಾಸನೆ ಹತ್ತುತ್ತದೆ. ಎರಡನೆಯ ಭರಣಿಯಲ್ಲಿ ಉಳಿದ ಸೂಕ್ಷ್ಮ ಕಣಗಳು ಇಳಿಯುತ್ತವೆ. ತಂಪಾದ ಕಡೆ ಇಟ್ಟರೆ ಟಾರ್ಟಾರಿಕ್ ಆಮ್ಲದ ಉಪ್ಪು ಹರಳುಗಟ್ಟಿ ತಳ ಸೇರುತ್ತದೆ. ಹುಣಸೆಯ ಹುಳಿಗೆ ಕಾರಣವಾದ ಆಮ್ಲವೂ ಇದೇ. ಬಗ್ಗಿಸುವುದಕ್ಕಿಂತ, ರಬ್ಬರ್ ಕೊಳವೆಯ ತುದಿಯನ್ನು ಗಸಿಗೆ ತಾಕದಂತೆ ಹಿಡಿದು ಮೇಲಿನ ಭರಣಿಯಿಂದ ಕೆಳಗಿನದಕ್ಕೆ ಇಳಿಸುವುದು ಲೇಸು.

ಆದರೆ ತಿಳಿಯ ಆಸೆಗೂ ಮಿತಿ ಬೇಕು. ಮೊದಲ ಭರಣಿ ನೊರೆಯುಕ್ಕುತ್ತಿರುವಾಗ ಹೊರಡುವ ವಾಯುವೇ ರಸಕ್ಕೆ ಹೊದಿಕೆ. ಸದ್ದಡಗಿದ ಮೇಲೆ ಆ ಕಾವಲು ಇಲ್ಲ. ಅರ್ಧ ತುಂಬಿದ ಎರಡನೆಯ ಭರಣಿಯಲ್ಲಿ ಗಾಳಿಗೆ ಜಾಗ ಸಿಕ್ಕಿದರೆ, ಬೇರೊಂದು ಜಾತಿಯ ಸೂಕ್ಷ್ಮಜೀವಿ ಮದ್ಯಸಾರವನ್ನು ವಿನೆಗರ್ ಆಗಿಸಿಬಿಡುತ್ತದೆ. ಆದ್ದರಿಂದಲೇ ಅನುಭವಿಗಳು ಎರಡನೆಯ ಭರಣಿ ಚಿಕ್ಕದಿರಲಿ, ಕತ್ತಿನವರೆಗೆ ತುಂಬಲಿ, ಬಾಯಿ ಬಿಗಿಯಾಗಲಿ ಎನ್ನುವರು. ಗಾಜಿನಂತೆ ಹೊಳೆಯಬೇಕೆಂದು ಮೂರು ನಾಲ್ಕು ಸಲ ವರ್ಗಾಯಿಸಿದ ಗೃಹಿಣಿಗೆ ಹಬ್ಬದ ದಿನ ದೊರೆಯುವುದು ಹೊಳೆಯುವ ಹುಳಿನೀರು! ವರ್ಷಕ್ಕೊಂದೇ ಭರಣಿ, ಬಂದ ನೆಂಟರ ಮುಂದೆ ಮತ್ತೊಂದಿಲ್ಲ.

ಬಿಯರ್ ಕಾಸುವವರಲ್ಲಿಯೂ ಇದೇ ಚರ್ಚೆ. ಮನೆಯಲ್ಲಿ ಬಿಯರ್ ತಯಾರಿಸಲು ಬ್ರಿಟನ್ 1963ರಲ್ಲಿ ಪರವಾನಗಿಯ ಕಟ್ಟನ್ನು ಸಡಿಲಿಸಿತು. ಅಮೆರಿಕ 1978ರ ಒಕ್ಕೂಟ ಶಾಸನದಿಂದ ದಾರಿ ತೆರೆಯಿತು. ಗಸಿ ಕಳೆಯಲು ಎರಡನೆಯ ಪಾತ್ರೆ ಅನಿವಾರ್ಯವೆಂದು ಅಲ್ಲಿಯವರು ಬಹುಕಾಲ ನಂಬಿದ್ದರು. ಸಾಧಾರಣ ಬಿಯರನ್ನು ಕೆಲವು ವಾರ ಮೊದಲ ಪಾತ್ರೆಯಲ್ಲಿಯೇ ಬಿಟ್ಟು, ಕಡೆಯಲ್ಲಿ ತಂಪುಮಾಡಿದರೆ ಯೀಸ್ಟ್ ತಾನೇ ಇಳಿಯುತ್ತದೆಂಬುದು ಈಗ ಹಲವರ ಅಭಿಪ್ರಾಯ. ಹಣ್ಣು ಬೆರೆಸಿದಾಗ ಅಥವಾ ತಿಂಗಳುಗಟ್ಟಲೆ ಹಳಸಬೇಕಾದಾಗ ಮಾತ್ರ ಎರಡನೆಯ ಪಾತ್ರೆಗೆ ಬೆಲೆ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವೆಂಬುದನ್ನು ಮರೆಯಲಾಗದು. ವಿದ್ಯೆಯಾದರೋ ತುಪ್ಪ, ಸಾರುಗಳಿಗೂ ಸಲ್ಲುವಂಥದು. ಯಾವಾಗ ಬೇರ್ಪಡಿಸಬೇಕು, ಯಾವಾಗ ಮುಟ್ಟದಿರಬೇಕು ಎಂಬುದನ್ನು ಕೈ ಕಲಿಯಲು ವರ್ಷಗಳೇ ಬೇಕು. ಮನೆಯ ಮನಸ್ತಾಪಗಳೂ ಹೀಗೆಯೇ. ಕೆಲವನ್ನು ಒಮ್ಮೆ ತಿಳಿಮಾಡಿಕೊಂಡು ಗಸಿಯನ್ನು ಹಿಂದೆ ಬಿಡಬೇಕು. ದಿನವೂ ಸೋಸುತ್ತ ಕುಳಿತರೆ ಉಳಿಯುವುದು ಹುಳಿಯೇ.