ನೂರಕ್ಕೆ ಏಳು

ಚಾಕ್‌ಪೀಸಿನಲ್ಲಿ ಟೈರಿನ ಮೇಲೊಂದು ಗೆರೆ, ಅದರ ನೇರಕ್ಕೆ ಡಾಂಬರಿನ ಮೇಲೊಂದು ಗೆರೆ. ಆಮೇಲೆ ಜೀಪನ್ನು ಮೆಲ್ಲಗೆ ತಳ್ಳಬೇಕು. ಟೈರಿನ ಗೆರೆ ಹತ್ತು ಸಲ ನೆಲ ಮುಟ್ಟಿದ ಕಡೆ ನಿಲ್ಲಿಸಿ, ಅಲ್ಲಿ ಇನ್ನೊಂದು ಗೆರೆ ಎಳೆದು ಟೇಪು ಹಿಡಿಯಬೇಕು. 1986ರ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕೆ.ಆರ್. ನಗರದ ಮೀಟರ್ ಅಂಗಡಿಗೆ ಸೇರಿಕೊಂಡ ನನಗೆ ಉಸ್ತಾದರು ಮೊದಲು ಕಲಿಸಿದ್ದು ಇದನ್ನು. ಸ್ಕ್ರೂಡ್ರೈವರ್ ಕೈಗೆ ಕೊಟ್ಟದ್ದು ಆರು ತಿಂಗಳಾದ ಮೇಲೆ.

ಹೊಸ ಅಗ್ರಹಾರದಿಂದ ದಿನಾ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಭತ್ತದ ಸೀಮೆ, ಅಂಗಡಿಗೆ ಟ್ರ್ಯಾಕ್ಟರುಗಳೇ ಹೆಚ್ಚು ಬರುತ್ತವೆ ಅಂದುಕೊಂಡಿದ್ದೆ. ಬರುತ್ತಿದ್ದದ್ದು ಜೀಪುಗಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನವರ ಜೀಪುಗಳು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ನಮ್ಮ ಕಡೆ ಶುರುವಾದ ಮೇಲೆ ಬೆಳೆಗಾರರ ಕೈಯಲ್ಲಿ ಒಂದಿಷ್ಟು ಕಾಸು ಆಡತೊಡಗಿತು. ಸೆಕೆಂಡ್‌ಹ್ಯಾಂಡ್ ಮಹೀಂದ್ರ ಜೀಪು ತೆಗೆದುಕೊಂಡು, ಹಿಂದೆ ಟ್ರೈಲರ್ ಕಟ್ಟಿ, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹೊಡೆಯುವುದು, ಹರಾಜು ಕಟ್ಟೆಗೆ ಬೇಲು ಸಾಗಿಸುವುದು. ಸುಗ್ಗಿ ಮುಗಿದ ಮೇಲೆ ಅದೇ ಜೀಪು ಮದುವೆಗೆ, ಧರ್ಮಸ್ಥಳಕ್ಕೆ, ಕೊಡಗಿನ ತೋಟಗಳಿಗೆ ಆಳು ಕರೆದೊಯ್ಯಲು ಬಾಡಿಗೆಗೆ ಹೋಗುತ್ತಿತ್ತು. ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ.

ಮಳೆಗಾಲದಲ್ಲಿ ಹೊಲದ ದಾರಿಯ ಕೆಸರಿನಲ್ಲಿ ಜೀಪಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಅದಕ್ಕೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಆರು ಹದಿನಾರು ತೆಗ್ದು ಏಳು ಹದಿನಾರು ಹಾಕ್ಸು." ಅಂದರೆ 6.00-16 ಅಳತೆಯ ಟೈರು ಬಿಚ್ಚಿ 7.00-16 ಹಾಕಿಸುವುದು. ಜೀಪು ಒಂದಿಂಚು ಮೇಲೆದ್ದು ಕೂರುತ್ತಿತ್ತು, ನೋಡಲೂ ಗತ್ತು. ಆದರೆ ಮೀಟರಿಗೆ ದಾರಿ ಕಾಣುವುದಿಲ್ಲ, ಅದಕ್ಕೆ ಗೊತ್ತಿರುವುದು ಸುತ್ತು ಮಾತ್ರ. ಹಳೇ ಟೈರು ಹತ್ತು ಸುತ್ತಿಗೆ ಸುಮಾರು 22 ಮೀಟರ್ ಹೋದರೆ ಹೊಸದು ಇಪ್ಪತ್ಮೂರೂವರೆ. ನೂರಕ್ಕೆ ಏಳರಷ್ಟು ವ್ಯತ್ಯಾಸ. ಮುಳ್ಳು 60 ತೋರಿಸುವಾಗ ಜೀಪು 64ರಲ್ಲಿ ಓಡುತ್ತಿರುತ್ತದೆ. ಧರ್ಮಸ್ಥಳ, ಸುಬ್ರಹ್ಮಣ್ಯ ಸುತ್ತಿಕೊಂಡು 500 ಕಿಲೋಮೀಟರ್ ಓಡಿ ಬಂದರೆ ಮೀಟರಿನಲ್ಲಿ ಬಿದ್ದಿರುವುದು 467. ಉಳಿದ 33 ಕಿಲೋಮೀಟರಿನ ಡೀಸೆಲ್ಲು ಡ್ರೈವರ್ ಮಾಲೀಕನ ಕೈಯಿಂದ ಹೋಗುತ್ತಿತ್ತು. "ಟೈರ್ ಹಾಕ್ಸಿದ್ಮೇಲೆ ಮೈಲೇಜೇ ಬಿದ್ದೋಯ್ತು ಸಾಬ್ರೆ" ಎಂದು ಬರುವವರಿಗೂ ಉಸ್ತಾದರು ಇದನ್ನೇ ಬಿಡಿಸಿ ಹೇಳುತ್ತಿದ್ದರು. ದೊಡ್ಡ ಟೈರು ಸ್ವಲ್ಪ ಹೆಚ್ಚು ಎಣ್ಣೆ ಕುಡಿಯುವುದು ನಿಜ, ಆದರೆ ಬಿದ್ದದ್ದರಲ್ಲಿ ಒಂದು ಪಾಲು ಬರೀ ಲೆಕ್ಕದ್ದು.

ಮೀಟರ್ ಬಿಚ್ಚಿದರೆ ಒಳಗಿರುವುದು ಬಹಳ ಸರಳ. ಗೇರ್‌ಬಾಕ್ಸಿನ ಹಿಂದಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ಮುಚ್ಚಳದ ಹಾಗೆ, ಎಲ್ಲೂ ತಾಗದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲೂ ಅದರ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಎರಡರ ಜಗ್ಗಾಟ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಮುಳ್ಳು. ಸ್ಟ್ರಾಸ್‌ಬರ್ಗಿನ ಓಟೋ ಶುಲ್ಟ್ಸೆ ಎಂಬಾತ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬಟ್ಟಲು ಅಯಸ್ಕಾಂತವನ್ನು ಮುಟ್ಟುವುದೇ ಇಲ್ಲ, ಆದರೂ ತಿರುಗುತ್ತದೆ. ಮೊದಲ ಸಲ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಾಗ ನಾನು ಊಟಕ್ಕೆ ಹೋಗುವುದನ್ನೇ ಮರೆತಿದ್ದೆ.

ಸ್ಪ್ರಿಂಗಿನ ಬುಡದಲ್ಲಿ ಒಂದು ಪುಟ್ಟ ಕಡ್ಡಿ ಇರುತ್ತದೆ. ಅದನ್ನು ಒಂಚೂರು ಸರಿಸಿದರೆ ಮುಳ್ಳು ಬೇಕಾದ ಜಾಗಕ್ಕೆ ಬರುತ್ತದೆ. ಸುತ್ತಮುತ್ತಲ ಊರುಗಳಲ್ಲಿ ಎಷ್ಟೋ ಮಂದಿ ಅಷ್ಟು ಮಾಡಿ ದುಡ್ಡು ಇಸಕೊಂಡು ಕಳಿಸುತ್ತಿದ್ದರು. ಉಸ್ತಾದರು ಅದನ್ನು ಅರ್ಧ ಕೆಲಸ ಎನ್ನುತ್ತಿದ್ದರು. ಮುಳ್ಳು ಸರಿಹೋದರೂ ಕಿಲೋಮೀಟರ್ ಎಣಿಸುವ ಅಂಕಿಗಳು ಹಲ್ಲುಚಕ್ರದವು, ಅವಕ್ಕೆ ಸ್ಪ್ರಿಂಗಿನ ಸಂಬಂಧವೇ ಇಲ್ಲ. ಅವು ಮೊದಲಿನಂತೆ ಕಮ್ಮಿಯೇ ಎಣಿಸುತ್ತವೆ. ಎರಡೂ ಸರಿಹೋಗಬೇಕಾದರೆ ಜೀಪಿನ ಅಡಿಗೆ ಹೋಗಿ, ಟ್ರಾನ್ಸ್‌ಫರ್ ಕೇಸಿನಲ್ಲಿ ಕೇಬಲ್ ಸೇರುವ ಕಡೆ ಇರುವ ಪಿನಿಯನ್ ಬದಲಾಯಿಸಬೇಕು. 15 ಹಲ್ಲಿನದು ತೆಗೆದು 14ರದು ಹಾಕಿದರೆ ಕೇಬಲ್ ನೂರಕ್ಕೆ ಏಳರಷ್ಟು ಜೋರಾಗಿ ತಿರುಗುತ್ತದೆ. ಟೈರಿನಲ್ಲಿ ತಪ್ಪಿಹೋದ ಏಳು ಹಲ್ಲಿನಲ್ಲಿ ವಾಪಸ್ಸು ಬಂತು.

ಬೋರ್ನ್‌ವಿಟಾ ಡಬ್ಬಿಯೊಂದರಲ್ಲಿ ಉಸ್ತಾದರು ಪಿನಿಯನ್‌ಗಳನ್ನು ಇಟ್ಟಿದ್ದರು. ಕೆಲವು ಗುಜರಿಯಲ್ಲಿ ಸಿಕ್ಕ ಮಿಲಿಟರಿ ಜೀಪಿನವು, ಕೆಲವು ಮೈಸೂರಿನಲ್ಲಿ ಲೇತಿನ ಮೇಲೆ ಮಾಡಿಸಿದವು. ಪ್ರತಿಯೊಂದಕ್ಕೂ ದಾರ ಕಟ್ಟಿ, ಹಲ್ಲಿನ ಸಂಖ್ಯೆ ಬರೆದ ಚೀಟಿ. ಒಂದು ಸಲ ಅವರು ಊರಲ್ಲಿಲ್ಲದಾಗ ನಾನೇ ಒಂದು ಜೀಪಿಗೆ ಪಿನಿಯನ್ ಹಾಕಿದೆ. ಟೈರು ದೊಡ್ಡದಾಗಿದೆ, ಹಲ್ಲೂ ಹೆಚ್ಚಬೇಕು ಅಂದುಕೊಂಡು 14ರ ಬದಲು 16 ಹಾಕಿಬಿಟ್ಟೆ. ಆ ಜೀಪಿನವನು ಐನೂರು ಕಿಲೋಮೀಟರಿನ ಮದುವೆ ಬಾಡಿಗೆ ಹೋಗಿ ಬಂದ. ಮೀಟರಿನಲ್ಲಿ ಬಿದ್ದದ್ದು 438. ಬೀಗರ ಮನೆಯವರು ಮೀಟರ್ ನೋಡಿ ದುಡ್ಡು ಎಣಿಸಿ ಕೊಟ್ಟರು, ಅವನು ಮಾತಿಲ್ಲದೆ ಇಸಕೊಂಡ. ಅಂಗಡಿ ಮುಂದೆ ಬಂದು ನಿಂತವನು ನನ್ನನ್ನು ಬೈಯಲಿಲ್ಲ. "ನಾಲ್ಕು ದಿನದ ಕೂಲಿ ಹೋಯ್ತು ಕಣಪ್ಪ" ಅಂದ, ಅಷ್ಟೆ. ಉಸ್ತಾದರು ತಮ್ಮ ಗಲ್ಲಾದಿಂದ ಅವನಿಗೆ ದುಡ್ಡು ಕೊಟ್ಟರು, ನನ್ನ ಸಂಬಳದಲ್ಲಿ ಒಂದು ಕಾಸೂ ಹಿಡಿಯಲಿಲ್ಲ. ಆ ದಿನದಿಂದ ಪಿನಿಯನ್ ಹಾಕುವ ಮುಂಚೆ ಹಲ್ಲುಗಳನ್ನು ಎರಡು ಸಲ ಎಣಿಸುವುದು ನನಗೆ ರೂಢಿಯಾಯಿತು.

ಹಾಕಿದ ಮೇಲೆ ರಸ್ತೆಯಲ್ಲಿ ನೋಡಲೇಬೇಕು. ಹುಣಸೂರು ರಸ್ತೆಯಲ್ಲಿ ನೆಟ್ಟಗಿರುವ ಒಂದು ತುಂಡು ಆರಿಸಿಕೊಂಡಿದ್ದೆವು. ಮುಳ್ಳು 60ರ ಮೇಲೆ ನಿಲ್ಲಿಸಿದರೆ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಒಂದು ನಿಮಿಷ ಆಗಬೇಕು. ಉಸ್ತಾದರ ಎಚ್‌ಎಂಟಿ ವಾಚು ನನ್ನ ಕೈಯಲ್ಲಿ, ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆ. ಒಂದೆರಡು ಕಲ್ಲು ಅವರ ನಂಬಿಕೆಗೆ ಸಾಲದು. ಐದು ಕಲ್ಲು ದಾಟಿ, ಹಾಗೇ ತಿರುಗಿ ಬಂದು, ಎರಡರ ಸರಾಸರಿ ತೆಗೆಯುತ್ತಿದ್ದರು. ಟೈರಿಗೆ ಗಾಳಿ ಎಷ್ಟಿದೆ, ಜೀಪಿನಲ್ಲಿ ಎಷ್ಟು ಜನ ಕೂರುತ್ತಾರೆ ಎಂದೂ ಕೇಳುತ್ತಿದ್ದರು. ಭಾರಕ್ಕೆ ಟೈರು ಅಮುಕಿಕೊಂಡರೆ ಸುತ್ತಳತೆಯೂ ಅಷ್ಟು ಕುಗ್ಗುತ್ತದಲ್ಲ.

ಟ್ರ್ಯಾಕ್ಟರಿಗೆ ಈ ತಾಪತ್ರಯವಿಲ್ಲ. ನಮ್ಮ ಗದ್ದೆಗಳಿಗೆಂದು 12.4-28ರ ಬದಲು 13.6-28 ಟೈರು ಹಾಕಿಸಿದವರು ಬೇಕಾದಷ್ಟು ಮಂದಿ. ಆದರೆ ಅದರ ಗಂಟೆ ಮೀಟರ್ ಎಂಜಿನ್ನಿನ ಸುತ್ತು ಎಣಿಸುತ್ತದೆ, ಉಳುಮೆ ಬಾಡಿಗೆಯೂ ಗಂಟೆ ಲೆಕ್ಕ.

ಸುಮೋ, ಕ್ವಾಲಿಸ್, ಬೊಲೆರೊಗಳ ಕಾಲ ಬಂದಂತೆ ಕೆಲಸ ನಿಧಾನವಾಗಿ ಕೈಬಿಡತೊಡಗಿತು. ಕೇಬಲ್ ಹೋಗಿ ಸೆನ್ಸರ್ ಬಂತು. ಗೇರ್‌ಬಾಕ್ಸಿನಿಂದ ಬರುವುದು ಈಗ ವಿದ್ಯುತ್ತಿನ ಮಿಡಿತ, ಅದನ್ನು ಎಣಿಸುವುದು ಚಿಪ್ಪು. ಆಮೇಲೆ ಎಬಿಎಸ್ ಬಂದ ಮೇಲೆ ಒಂದೊಂದು ಚಕ್ರಕ್ಕೂ ಒಂದೊಂದು ಸೆನ್ಸರ್. ಟೈರಿನ ಸುತ್ತಳತೆ ಗಾಡಿಯ ಕಂಪ್ಯೂಟರಿನೊಳಗೆ ಒಂದು ಅಂಕಿ, ಅದನ್ನು ತಿದ್ದಲು ಕಂಪನಿಯ ಸಾಫ್ಟ್‌ವೇರ್ ಬೇಕು. ಲ್ಯಾಪ್‌ಟಾಪ್ ಹಿಡಿದ ಹುಡುಗರು ಬಂದರು. ಅವರಲ್ಲಿ ಕೆಲವರು ಟೈರಿನ ಅಳತೆ ತಿದ್ದುತ್ತಿದ್ದರು, ಕೆಲವರು ಮಾರಾಟದ ಗಾಡಿಯ ಕಿಲೋಮೀಟರನ್ನೇ ಹಿಂದಕ್ಕೆ ತಿರುಗಿಸುತ್ತಿದ್ದರು. ಕೇಬಲ್ ಮೀಟರಿನ ಕಾಲದಲ್ಲೂ ಅದನ್ನು ಕೇಳಿ ಬರುವವರಿದ್ದರು. ಉಸ್ತಾದರು ಅಂಥವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು, ಮೀಟರ್ ಮುಟ್ಟುತ್ತಿರಲಿಲ್ಲ. ಅವರು 2011ರಲ್ಲಿ ತೀರಿಕೊಂಡರು. ನಾನು ಇನ್ನು ಮೂರು ವರ್ಷ ಅಂಗಡಿ ನಡೆಸಿ ಮುಚ್ಚಿದೆ. ಡಬ್ಬಿ ಮಾತ್ರ ಮನೆಗೆ ತಂದೆ.

ಕಳೆದ ವರ್ಷ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಥಾರ್ ತೆಗೆದುಕೊಂಡು ನಮ್ಮನೆ ಹುಡುಕಿಕೊಂಡು ಬಂದ. ಅವನ ತಾತನ ಜೀಪಿಗೆ ಪಿನಿಯನ್ ಹಾಕಿದ್ದು ನಾವೇ ಅಂತೆ. 245/75 ಆರ್16 ಟೈರು ತೆಗೆಸಿ 285/70 ಆರ್17 ಹಾಕಿಸಿದ್ದ. ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಹಳೆಯದರ ಎತ್ತರ 774 ಮಿಲಿಮೀಟರ್, ಹೊಸದರದ್ದು 831. ನೂರಕ್ಕೆ ಏಳು! ನಲವತ್ತು ವರ್ಷದ ಮೇಲೆ ಅದೇ ಏಳು ನನ್ನ ಮುಂದೆ ಬಂದು ಕೂತಿತ್ತು.

ಅವನಿಗೆ ಎರಡು ಮಾತು ಹೇಳಿದೆ. ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು, ಸ್ವಲ್ಪ ಹೆಚ್ಚು ತೋರಿಸಿದರೆ ಪರವಾಗಿಲ್ಲ ಎಂಬುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ. ಅದಕ್ಕೇ ಹೊಸ ಗಾಡಿಗಳ ಮುಳ್ಳು ನಿಜಕ್ಕಿಂತ ಒಂಚೂರು ಮುಂದೆ ಇರುವಂತೆ ಮಾಡಿರುತ್ತಾರೆ. ದೊಡ್ಡ ಟೈರು ಮೊದಲು ತಿನ್ನುವುದು ಆ ಒಂಚೂರನ್ನು. ಆಮೇಲೆ ಕಾನೂನಿನ ಮಾತು: ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಟೈರು. ಹಳೇ ಅಳತೆಗೇ ಹೋಗುವುದು ಒಳ್ಳೆಯದು ಅಂದೆ. ಅವನು ಯೋಚಿಸಿ ನೋಡುತ್ತೇನೆ ಅಂದ. ಅಲ್ಲಿಯವರೆಗೆ ಮೀಟರಿಗೂ ನಿಜಕ್ಕೂ ಎಷ್ಟು ವ್ಯತ್ಯಾಸ ಎಂದಾದರೂ ಗೊತ್ತಿರಲಿ ಅಂತ ಫೋನಿನ ಜಿಪಿಎಸ್ ತೋರಿಸಿದ.

ಫೋನಿನದೂ ಸರಿಯೇ. ನೆಟ್ಟಗಿನ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಅದನ್ನು ನಂಬಬಹುದು. ಆದರೂ ಒಳಗೆ ಹೋಗಿ ಮೊಮ್ಮಗಳ ಚಾಕ್‌ಪೀಸು ತಂದೆ. ಮನೆ ಮುಂದಿನ ರಸ್ತೆಯಲ್ಲಿ ಗೆರೆ ಎಳೆದೆವು. ಅವನು ಗಾಡಿ ನ್ಯೂಟ್ರಲ್ ಮಾಡಿದ, ಪಕ್ಕದ ಮನೆಯ ಇಬ್ಬರು ಬಂದು ಕೈ ಹಾಕಿದರು, ನಾನು ಚಕ್ರದ ಜೊತೆ ನಡೆಯುತ್ತಾ ಎಣಿಸಿದೆ. ಹತ್ತಕ್ಕೆ ನಿಲ್ಲಿಸಿ ಟೇಪಿನ ತುದಿಯನ್ನು ಮೊದಲ ಗೆರೆಯ ಮೇಲೆ ಒತ್ತಿ ಹಿಡಿದು ಕೂತೆ. ಆ ಕಡೆಯಿಂದ ಅವನು ಓದಿ ಕೂಗಿದ: "ಇಪ್ಪತ್ತೈದು ಮೀಟರ್ ಮೂವತ್ತು ಸೆಂಟಿ!"

ಇನ್ನೊಂದು ಸಲ ನೋಡು ಅಂದೆ.