ಆಕಾಶದ ಕೊಡೆಗೂ ಒಂದು ಮುನ್ನಾಧಾರ

ಗಡಿನಾಡಿನವರಾದ ನಮಗೆ ಕಾಗದಪತ್ರಗಳ ಮೇಲೆ ತುಸು ಅತಿಯಾದ ಭಕ್ತಿಯೆಂದು ಹೊರಗಿನ ನೆಂಟರು ಹಾಸ್ಯ ಮಾಡುವುದುಂಟು. ಅದು ಕಾರಣವಿಲ್ಲದೆ ಬಂದ ಭಕ್ತಿಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ತರುವಾಯ, ಅಜ್ಜಂದಿರ ಕಾಲದ ಕನ್ನಡದ ಮೂಲಗೇಣಿ ಚೀಟು ಒಂದು ಪೆಟ್ಟಿಗೆಯಲ್ಲಿಯೂ ಮಲಯಾಳದ ಆಧಾರ ಇನ್ನೊಂದು ಪೆಟ್ಟಿಗೆಯಲ್ಲಿಯೂ ಉಳಿದುವು. ಎರಡನ್ನೂ ಓದಬಲ್ಲವರು ಮನೆಗೊಬ್ಬರಾದರೂ ಬೇಕಾಯಿತು. ಸಬ್ ರಿಜಿಸ್ಟ್ರಾರರ ಕಚೇರಿಯ ಮಗ್ಗುಲಲ್ಲಿ ಆಧಾರ ಬರೆಯುತ್ತ 30 ವರ್ಷ ಕಳೆದ ನಮಗಂತೂ, ಕೈಬದಲಾಗುವ ಯಾವ ವಸ್ತುವನ್ನು ಕಂಡರೂ ‘ಇದರ ಮುನ್ನಾಧಾರವೆಲ್ಲಿ?’ ಎಂದು ಕೇಳುವುದು ಉಸಿರಾಟದಷ್ಟೇ ಸಹಜವಾಗಿದೆ.

ಹೀಗಿರುವಾಗ, ಅಮೆರಿಕದ ಟೆಕ್ಸಾಸಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ವಿಮಾನದಿಂದ ಧುಮುಕುವ ಹವ್ಯಾಸಕ್ಕೆ ಬಿದ್ದನೆಂದೂ, ಈಗ ಯಾರೋ ಬಳಸಿದ ಧುಮುಕುಕೊಡೆಯೊಂದನ್ನು ಕ್ರಯಕ್ಕೆ ಕೊಳ್ಳಹೊರಟನೆಂದೂ ಸುದ್ದಿ ಬಂದಿತು. ಮನೆಯ ಹೆಂಗಸರು ಮಧೂರಿನ ಗಣಪತಿಗೆ ಹರಕೆ ಹೊತ್ತರು. ನಾವು ಕಾಗದಗಳ ಪ್ರತಿ ಕೇಳಿದೆವು. ಅವನು ನಕ್ಕನಾದರೂ, ಕಳುಹಿಸಿದನು.

ಹೊಸ ಕೊಡೆಗೆ ಹಲವು ಸಾವಿರ ಡಾಲರು ತೆರಬೇಕು, ತಯಾರಾಗಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಆದುದರಿಂದ ಅಲ್ಲಿ ಹೊಸಬರು ಹಳೆಯದನ್ನೇ ಕೊಳ್ಳುವರಂತೆ. ಕೊಡೆಯೆಂದರೆ ಒಂದಲ್ಲ. ಬೆನ್ನಿಗೆ ಕಟ್ಟುವ ಪಟ್ಟಿಗಳ ಚೀಲದೊಳಗೆ ಮುಖ್ಯ ಕೊಡೆಯೊಂದು, ಅದು ಕೈಕೊಟ್ಟರೆ ಬಿಚ್ಚಿಕೊಳ್ಳಲು ಮೀಸಲು ಕೊಡೆಯೊಂದು. ಇವುಗಳ ಜೊತೆಗೆ, ಧುಮುಕಿದವನು ಪ್ರಜ್ಞೆ ತಪ್ಪಿಯೋ ಗಾಬರಿಯಿಂದಲೋ ಏನೂ ಮಾಡದೆ ನೆಲಕ್ಕೆ ಸಮೀಪಿಸಿದಾಗ, ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ತಿಳಿದು ಮೀಸಲು ಕೊಡೆಯ ಕುಣಿಕೆಯನ್ನು ತಾನಾಗಿ ಕತ್ತರಿಸುವ ಪುಟ್ಟ ಯಂತ್ರವೊಂದಿರುತ್ತದೆ. 1991ರಲ್ಲಿ ಜರ್ಮನಿಯಿಂದ ಬಂದ ‘ಸೈಪ್ರಸ್’ ಎಂಬುದು ಈ ಯಂತ್ರಗಳಲ್ಲಿ ಹೆಸರಾದುದು. ಅದಕ್ಕೆ ತಯಾರಕರೇ ಆಯುಸ್ಸು ನಿಗದಿ ಮಾಡಿದ್ದಾರೆ. ಮೊದಲ ಮಾದರಿಗೆ ಸುಮಾರು 12 ವರ್ಷ. ಅವಧಿ ತೀರಿದ ಯಂತ್ರ ನೋಡಲು ಎಷ್ಟೇ ಹೊಸದಾಗಿರಲಿ, ಮೂಲೆಗೆ ಸೇರಬೇಕಾದುದೇ.

ನಮ್ಮನ್ನು ಸೆಳೆದುದು ಮೀಸಲು ಕೊಡೆಯ ಜೇಬಿನಲ್ಲಿರುವ ಅಂಗೈಯಗಲದ ಒಂದು ಚೀಟಿ. ಅಮೆರಿಕದ ವಿಮಾನಯಾನ ಇಲಾಖೆಯ ನಿಯಮದಂತೆ, ಧುಮುಕುವ ದಿನಕ್ಕೆ ಮುಂಚಿನ 180 ದಿನಗಳೊಳಗೆ ಮೀಸಲು ಕೊಡೆಯನ್ನು ‘ರಿಗ್ಗರ್’ ಎಂಬ ಪರವಾನಗಿದಾರನು ಮಡಿಸಿರಬೇಕು. 2008ರ ಕೊನೆಯವರೆಗೆ ಈ ಅವಧಿ 120 ದಿನಗಳಾಗಿತ್ತು. ಇದು ನೈಲಾನಿನಂಥ ಕೃತಕ ನೂಲಿನ ಕೊಡೆಗೆ. ರೇಷ್ಮೆಯಂಥ ಸಹಜ ನೂಲಿನದಾದರೆ 60 ದಿನಗಳೇ. (ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸೀಮೆಯ ರೇಷ್ಮೆಗೂ ಧುಮುಕುಕೊಡೆಯ ನಿಮಿತ್ತ ಬೇಡಿಕೆ ಬಂದಿದ್ದುದು ನಮ್ಮ ಹಿರಿಯರಿಗೆ ನೆನಪಿತ್ತು.) ಮಡಿಸಿದ ಪ್ರತಿ ಸಲವೂ ಚೀಟಿಯಲ್ಲಿ ದಿನಾಂಕ, ಸ್ಥಳ, ಕಂಡ ದೋಷ, ತನ್ನ ಹೆಸರು, ಪರವಾನಗಿ ಸಂಖ್ಯೆ ಇಷ್ಟನ್ನು ರಿಗ್ಗರನು ಬರೆಯಬೇಕು, ತನ್ನದೇ ಗುರುತಿನ ಸೀಸದ ಮುದ್ರೆಯನ್ನು ಚೀಲಕ್ಕೆ ಒತ್ತಬೇಕು, ತನ್ನ ಪುಸ್ತಕದಲ್ಲಿ ಅದರ ದಾಖಲೆಯನ್ನು ಕನಿಷ್ಠ 2 ವರ್ಷ ಕಾಪಾಡಬೇಕು. ನಮ್ಮ ನೋಂದಣಿ ಕಾಯಿದೆಯ ಸೊಗಸಿಗೆ ಇದೇನೂ ಕಡಿಮೆಯಲ್ಲವೆಂದು ನಮಗೆ ಕಂಡಿತು.

ಸೋಜಿಗವೆಂದರೆ, ನಿತ್ಯ ಬಳಸುವ ಮುಖ್ಯ ಕೊಡೆಗೆ ಇಂಥ ಚೀಟಿಯಿಲ್ಲ. ಅದನ್ನು ಧುಮುಕುವವನೇ ಮಡಿಸಿಕೊಳ್ಳಬಹುದು. ಎಷ್ಟು ಸಲ ಹಾರಿದೆ, ದಾರಗಳನ್ನು ಯಾವಾಗ ಬದಲಿಸಿದರು ಎಂಬುದಕ್ಕೆ ಮಾರುವವನ ಬಾಯಿಮಾತು, ಹೆಚ್ಚೆಂದರೆ ಅವನ ದಿನಚರಿ, ಇಷ್ಟೇ ಸಾಕ್ಷಿ. ಕಣ್ಣಿಗೆ ಕಾಣುವುದನ್ನು ಕೊಳ್ಳುವವನೇ ನೋಡಿಕೊಳ್ಳಲಿ, ಮುದ್ರೆಯೊಳಗೆ ಅಡಗಿದುದಕ್ಕೆ ಮಾತ್ರ ಬರಹ ಬೇಕು ಎಂಬ ನ್ಯಾಯವಿರಬೇಕು. ಇನ್ನೂ ಒಂದು ಸಂಗತಿ: ಮನೆಗೂ ಮೋಟಾರಿಗೂ ಇರುವಂತೆ ಕೊಡೆಯ ಒಡೆತನಕ್ಕೆ ಅಲ್ಲಿ ಸರ್ಕಾರದ ರಿಜಿಸ್ಟರಿಲ್ಲ. ಚೀಲ, ಮೀಸಲು ಕೊಡೆ, ಮುಖ್ಯ ಕೊಡೆ, ಯಂತ್ರ ಇವುಗಳ ಮೇಲಿರುವ ಕ್ರಮಸಂಖ್ಯೆಗಳೇ ಗಡಿಕಲ್ಲುಗಳು.

ಸೋದರಳಿಯನು ಕಳುಹಿಸಿದ ಚೀಟಿಯ ಚಿತ್ರವನ್ನು ಭೂತಗನ್ನಡಿ ಹಿಡಿದು ಓದಿದೆವು. ನಡುವೆ ಎರಡು ವರ್ಷ ಬರಹವಿರಲಿಲ್ಲ. ಅದು ದೋಷವಲ್ಲ, ಹಾರದೆ ಅಟ್ಟದಲ್ಲಿದ್ದ ಕೊಡೆಗೆ ಮಡಿಕೆಯ ಕಡ್ಡಾಯವೂ ಇಲ್ಲ. ಕೊನೆಯ ನಾಲ್ಕು ಸಾಲುಗಳು ಒಂದೇ ಶಾಯಿಯವು, ಒಂದೇ ವಾಲಿಕೆಯವು. ಒಂದೇ ಕೂರಿನಲ್ಲಿ ಬರೆದ ಲೆಕ್ಕದ ಪುಸ್ತಕವನ್ನು ನಾವು ದೂರದಿಂದಲೇ ಗುರುತಿಸಬಲ್ಲೆವು. ಕೊಡೆಯನ್ನು ಬಿಚ್ಚದೆಯೇ ಸಹಿ ಹಾಕುವ ಈ ದುರಭ್ಯಾಸಕ್ಕೆ ಆ ನಾಡಿನಲ್ಲಿ ‘ಪೆನ್ಸಿಲ್ ಮಡಿಕೆ’ ಎಂಬರ್ಥದ ಹೆಸರೇ ಇದೆಯೆಂದು ಅವನಿಂದ ತಿಳಿಯಿತು. ಶಾಯಿ ಒಂದೆಂಬ ಮಾತ್ರಕ್ಕೆ ಯಾರನ್ನೂ ಕಳ್ಳರೆನ್ನಲಾಗದು. ಆದರೆ ಹಣ ಕೊಡುವ ಮೊದಲು, ಮಾರುವವನಿಗೆ ಪರಿಚಯವಿಲ್ಲದ ಬೇರೊಬ್ಬ ರಿಗ್ಗರನಿಂದ ಬಿಚ್ಚಿಸಿ ನೋಡಿಸು, ಅಲ್ಲಿಯವರೆಗೆ ಹಣ ಮೂರನೆಯವರ ಕೈಯಲ್ಲಿರಲಿ ಎಂದು ಬರೆದೆವು. ಹಾಗೆ ಮಾಡುವ ಪದ್ಧತಿ ಅಲ್ಲಿಯೂ ಉಂಟಂತೆ.

ಬಿಚ್ಚಿದಾಗ ಬಟ್ಟೆ ಚೆನ್ನಾಗಿಯೇ ಇತ್ತು. ಆದರೆ ಚೀಟಿಯಲ್ಲಿದ್ದ ಯಂತ್ರದ ಸಂಖ್ಯೆಯೇ ಬೇರೆ, ಒಳಗಿದ್ದ ಯಂತ್ರದ ಸಂಖ್ಯೆಯೇ ಬೇರೆ. ಒಳಗಿನದು ನಾಲ್ಕು ವರ್ಷ ಹಳೆಯದು. ಮುಂದಿನ ವರ್ಷವೇ ಅದರ ಆಯುಸ್ಸು ಮುಗಿಯುವುದಿತ್ತು. ಯಂತ್ರವನ್ನು ಬದಲಿಸಿದ್ದೆ, ರಿಗ್ಗರನು ಚೀಟಿ ತಿದ್ದಲು ಮರೆತನು ಎಂದು ಮಾರುವವನು ಹೇಳಿದನಂತೆ. ನಿಜವೇ ಇರಬಹುದು. ಆದರೆ ನಮ್ಮ ಚಿಂತೆ ಯಂತ್ರದ ಬೆಲೆಯದಾಗಿರಲಿಲ್ಲ. ಸಂಖ್ಯೆಯನ್ನು ಓದದೆಯೇ ಸಹಿ ಹಾಕಿದವನು, ಹೊಲಿಗೆಯನ್ನು ಓದಿದನೆಂದು ನಂಬುವುದು ಹೇಗೆ? ಬೆಲೆ ಇಳಿಸುತ್ತೇನೆಂದರೂ ಸೋದರಳಿಯನು ಒಪ್ಪಲಿಲ್ಲ. ಅಂದು ಅವನ ಮೇಲೆ ನಮಗೆ ಹುಟ್ಟಿದ ಗೌರವವನ್ನು ಅವನ ತಾಯಿಗೆ ಮಾತ್ರ ಹೇಳಿದೆವು.

ಮೂರು ತಿಂಗಳ ಮೇಲೆ ಬೇರೊಂದು ಸಿಕ್ಕಿತು. ಬಣ್ಣ ಮಾಸಿದೆಯಂತೆ; ಚೀಟಿ ಮಾತ್ರ ಎರಡು ಹಾಳೆ ತುಂಬಿ ಮೂರನೆಯದಕ್ಕೆ ನಡೆದಿದೆ. ಐದು ಜನರ ಕೈಬರಹ, ಒಂದೆಡೆ ‘ಕುಣಿಕೆ ಸವೆದಿತ್ತು, ಬದಲಿಸಿದೆ’ ಎಂಬ ಷರಾ. ದೋಷವನ್ನು ಬರೆದಿಟ್ಟ ಆ ಸಾಲನ್ನು ಕಂಡೇ ಕೊಂಡುಕೋ ಎಂದೆವು. ಕ್ರಯಪತ್ರದ ಕರಡನ್ನೂ ಅವನು ಕಳುಹಿಸಿದ್ದನು: ನಾಲ್ಕು ವಸ್ತುಗಳು, ನಾಲ್ಕು ಕ್ರಮಸಂಖ್ಯೆಗಳು, ತಯಾರಾದ ದಿನಾಂಕಗಳು, ಬೆಲೆ, ಇಬ್ಬರ ಸಹಿ. ನಾವು ಸೇರಿಸಿದುದು ಒಂದೇ ವಾಕ್ಯ, ಈ ಸ್ವತ್ತಿನ ಮೇಲೆ ಮೂರನೆಯವರ ಹಕ್ಕುಬಾಧ್ಯತೆಗಳಿಲ್ಲವೆಂದು. ಅದನ್ನು ಇಂಗ್ಲಿಷಿಗೆ ಹೊರಳಿಸಲು ಅವನು ಒಂದು ಸಂಜೆ ಕಷ್ಟಪಟ್ಟನಂತೆ.