ಸದ್ದು ಎಣಿಸಿದ ಹುಡುಗ

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆಯಲ್ಲಿ ಹಳೆಯ ಜೀಪು ವಾಹನವೂ ಹೌದು, ಆಳೂ ಹೌದು. ಗೊಬ್ಬರ ಹೊರುವುದು, ಕೆಲಸದವರನ್ನು ಕರೆತರುವುದು, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲವೂ ಅದರದೇ ಪಾಲು. ಅಂಥದೊಂದು ಜೀಪು ಒಂದು ಬೇಸಿಗೆಯಲ್ಲಿ ಹಕ್ಕಿಯಂತೆ ಕಿಚಗುಟ್ಟತೊಡಗಿತು. ನಿಧಾನವಾಗಿ ಹೋದರೆ ಬಿಟ್ಟು ಬಿಟ್ಟು, ವೇಗ ಹೆಚ್ಚಿದರೆ ಒಂದೇ ಸಮನೆ 'ಕಿಚ್ ಕಿಚ್'. ಗೇರು ಹಾಕಿ ಕ್ಲಚ್ ಬಿಟ್ಟಾಗ ಅಡಿಯಲ್ಲಿ 'ಟಕ್' ಎಂದು ಒಂದು ಪೆಟ್ಟು.

ಪೇಟೆಯ ಗ್ಯಾರೇಜಿನವರು ಹಿಂದಿನ ಆಕ್ಸಲ್ ಪೂರ್ತಿ ಬಿಚ್ಚಬೇಕೆಂದರು. ಅದಕ್ಕೆ ಬೇಕಾದಷ್ಟು ಹಣ ಮನೆಯಲ್ಲಿತ್ತು. ಆದರೆ ಅದು ಮಗನ ಹಾಸ್ಟೆಲ್ಲಿಗೆಂದು ತೆಗೆದಿಟ್ಟದ್ದು. ಮಗ ಮೊದಲ ಪಿಯುಸಿಯ ಭೌತಶಾಸ್ತ್ರದಲ್ಲಿ ಹೇಗೋ ದಡ ಮುಟ್ಟಿದ್ದ. ಅವನನ್ನು ಪೇಟೆಯಲ್ಲಿಟ್ಟು ಓದಿಸುವುದು ದಂಡವೇನೋ ಎಂಬ ಅನುಮಾನ ತಂದೆಗೆ ಮೊದಲೇ ಇತ್ತು.

"ಅಪ್ಪ, ಬಿಚ್ಚಿಸೋಕೆ ಮುಂಚೆ ಕಣದಲ್ಲಿ ಒಂದ್ಸಲ ತಳ್ಳಿ ನೋಡೋಣ" ಎಂದ ಹುಡುಗ.

"ತಳ್ಳಿದ್ರೆ ರಿಪೇರಿ ಆಗುತ್ತೇನೋ?" ತಂದೆ ರೇಗಿದರು. ಆದರೂ ಇಬ್ಬರು ಆಳುಗಳನ್ನು ಕೂಗಿದರು.

ಕಾಫಿ ಒಣಗಿಸುವ ಸಿಮೆಂಟ್ ಕಣ ಸಮತಟ್ಟಾಗಿತ್ತು. ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಟಯರಿಗೆ ಸೀಮೆಸುಣ್ಣದ ಗುರುತು ಹಾಕಿದರು. ಚಕ್ರ 10 ಸುತ್ತು ಉರುಳುವವರೆಗೆ ಹುಡುಗ ಪಕ್ಕದಲ್ಲೇ ನಡೆಯುತ್ತ ಕಿಚ್ ಸದ್ದನ್ನು ಎಣಿಸಿದ: 54.

ಈ ಲೆಕ್ಕದ ಅರ್ಥ ಸರಳ. ಸದ್ದು ಚಕ್ರದ ಬೇರಿಂಗಿನದೋ ಬ್ರೇಕ್ ಡ್ರಮ್ಮಿನದೋ ಆಗಿದ್ದರೆ ಸುತ್ತಿಗೆ ಒಂದರಂತೆ ಸುಮಾರು 10 ಸಲ ಕೇಳಿಸಬಹುದಿತ್ತು. ಹಳೆಯ ವಿಲ್ಲಿಸ್ ಸಿಜೆ-3ಬಿ ಜಾತಿಯ ಜೀಪಿನ ಆಕ್ಸಲ್‌ನಲ್ಲಿ 8 ಹಲ್ಲಿನ ಪಿನಿಯನ್ 43 ಹಲ್ಲಿನ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಎಂದರೆ ಗಾಲಿ 10 ಸುತ್ತು ಬಂದಾಗ ಪ್ರೊಪೆಲ್ಲರ್ ಶಾಫ್ಟ್ 53.75 ಸುತ್ತು ಬರುತ್ತದೆ. ಕೂಗುತ್ತಿದ್ದದ್ದು ಶಾಫ್ಟಿನ ಜೊತೆ ತಿರುಗುವ ಯಾವುದೋ ಭಾಗ.

ಆದರೆ ಯಾವ ಶಾಫ್ಟ್? ಫೋರ್ ವೀಲ್ ಜೀಪಿಗೆ ಹಿಂದೊಂದು, ಮುಂದೊಂದು. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗದಿದ್ದಾಗಲೂ ಆ ಗಾಲಿಗಳೇ ಮುಂದಿನ ಶಾಫ್ಟನ್ನು ಸುಮ್ಮನೆ ತಿರುಗಿಸುತ್ತಿರುತ್ತವೆ. ಎರಡು ಆಕ್ಸಲ್‌ಗಳ ಹಲ್ಲಿನ ಲೆಕ್ಕವೂ ಒಂದೇ. ಎಣಿಕೆ ಇಲ್ಲಿ ಕೈಕೊಟ್ಟಿತು. ಹುಡುಗ ಪ್ರಯೋಗಶಾಲೆಯ ಪಾಠ ನೆನೆದ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮುಂದಿನ ಶಾಫ್ಟಿನ ಬೋಲ್ಟು ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ತಳ್ಳಿದರು. ಸದ್ದು ಹಾಗೆಯೇ ಇತ್ತು. ಹಾಗಾದರೆ ಹಿಂದಿನದೇ.

ಗಾಲಿಗಳಿಗೆ ಕಲ್ಲು ಕೊಟ್ಟು ಹುಡುಗ ಅಡಿಗೆ ನುಸುಳಿದ. ಹಿಂದಿನ ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಚಿದಾಗ ಮುಂಭಾಗದ ಕ್ರಾಸ್ ಸಡಿಲವಾಗಿ ಅಲುಗಿತು. ಅದರ ಸುತ್ತ ಕೆಂಪು ಪುಡಿ, ಒಂದು ಹನಿ ಗ್ರೀಸಿಲ್ಲ.

ಊರಿನ ವಯಸ್ಸಾದ ಮೇಸ್ತ್ರಿ ಬಂದು ಕ್ರಾಸ್ ಬಿಚ್ಚಿದರು. ಸೂಜಿಯಂಥ ರೋಲರುಗಳು ಸವೆದು ತುಂಡಾಗಿದ್ದವು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಇದು ಮುರಿದಿದ್ರೆ ಶಾಫ್ಟು ನೆಲಕ್ಕೆ ಕಚ್ಕೊಳ್ತಿತ್ತು ಗೌಡ್ರೇ. ನಿಮ್ಮ ಹ್ಯಾಂಡ್ ಬ್ರೇಕೂ ಕೆಲಸಕ್ಕೆ ಬರ್ತಿರ್ಲಿಲ್ಲ."

ತಂದೆಯ ಮುಖ ಬಾಡಿತು. ಇಂಥ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಒಂದು ಡ್ರಮ್ಮನ್ನು. ಗಾಲಿಯನ್ನು ತಡೆಯುವ ಬಲ ಆ ಶಾಫ್ಟಿನ ಮೂಲಕವೇ ಹೋಗಬೇಕು. ಹಿಂದಿನ ವಾರವಷ್ಟೇ ತೋಟದ ಇಳಿಜಾರಿನಲ್ಲಿ ಆಳುಗಳನ್ನು ಕೂರಿಸಿಕೊಂಡು, ಆ ಬ್ರೇಕನ್ನೇ ನಂಬಿ ಅವರು ಜೀಪು ನಿಲ್ಲಿಸಿದ್ದರು.

ಹೊಸ ಕ್ರಾಸ್ ಕೂರಿಸಿದ ಮೇಲೆ ಮೇಸ್ತ್ರಿ ಶಾಫ್ಟಿನ ಎರಡು ತುಂಡುಗಳ ಮೇಲಿನ ಬಾಣದ ಗುರುತುಗಳನ್ನು ಎದುರುಬದುರು ತಂದು ಜೋಡಿಸಿದರು. "ಬಾಣಕ್ಕೆ ಬಾಣ ಕೂಡದಿದ್ರೆ ಗಾಡಿ ನಡುಗುತ್ತೆ. ಯಾಕೋ ನಂಗೊತ್ತಿಲ್ಲ" ಎಂದರು. ಹುಡುಗನಿಗೆ ಬಾಣದ ಸಂಗತಿ ಗೊತ್ತಿರಲಿಲ್ಲ, ಕಾರಣ ಗೊತ್ತಿತ್ತು. ಸ್ಪ್ರಿಂಗಿನ ನಿಯಮದಿಂದ ಮಕ್ಕಳಿಗೆ ಪರಿಚಿತನಾದ 17ನೇ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿ ಈ ಜಾಯಿಂಟೂ ಇದೆ. ಅದು ಓರೆಯಾಗಿ ತಿರುಗಿದಾಗ ವೇಗ ಏಕರೀತಿಯಲ್ಲಿ ಉಳಿಯುವುದಿಲ್ಲ. ಓರೆ 15 ಡಿಗ್ರಿ ಇದ್ದರೆ, ನಿಮಿಷಕ್ಕೆ 1000 ಸುತ್ತಿನ ವೇಗ ಆಚೆ ಬದಿಯಲ್ಲಿ 966ರಿಂದ 1035ರವರೆಗೆ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿಳಿಯುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಸರಿಯಾದ ದಿಕ್ಕಿನಲ್ಲಿದ್ದರೆ ಈ ಏರಿಳಿತವನ್ನು ಅಳಿಸುತ್ತದೆ, ತಪ್ಪಿದರೆ ಹೆಚ್ಚಿಸುತ್ತದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. "ಮೂವತ್ತು ವರ್ಷದಿಂದ ಮಾಡ್ತಿದ್ದೀನಿ, ಇವತ್ತು ಗೊತ್ತಾಯ್ತು" ಎಂದು ನಕ್ಕರು.

ಆಕ್ಸಲ್ ಬಿಚ್ಚಲಿಲ್ಲ. ಹಾಸ್ಟೆಲಿನ ಹಣದಿಂದ ಹೋದದ್ದು ಒಂದು ಕ್ರಾಸಿನ ಬೆಲೆ ಮತ್ತು ಮೇಸ್ತ್ರಿಯ ಕೂಲಿ ಮಾತ್ರ. ಅಂಕಪಟ್ಟಿಯಲ್ಲಿ ಕಾಣದ ಒಂದು ಗುಣವನ್ನು ತಂದೆ ಅಂದು ಕಣದಲ್ಲಿ ಕಂಡಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ರಾತ್ರಿ ಊಟ ಮುಗಿಸಿ ಜಗಲಿಗೆ ಬಂದವರು ಮಗನನ್ನು ಹತ್ತಿರ ಕರೆದರು.

"ಆ ಐವತ್ನಾಲ್ಕರ ಲೆಕ್ಕ ಇನ್ನೊಂದ್ಸಲ ಹೇಳೋ, ನಿಧಾನಕ್ಕೆ."